ಅನಲಾಗ್ ಟಿವಿಗೆ ಕಂಪ್ಯೂಟರ್ ಜೋಡಣೆ

ಕಂಪ್ಯೂಟರಿನಿಂದ ಹೊರಡುವ ಚಿತ್ರಸಂಕೇತವನ್ನು ಪಿಕ್ಚರ್ ಟ್ಯೂಬ್ ಇರುವ ಹಳೆಯ ಟೆಲಿವಿಷನ್ನಿಗೆ ಒಗ್ಗುವಂತೆ ಮಾಡಿ ಅದರ ಪರದೆಯ ಮೇಲೆ ತೋರಿಸುವ ವ್ಯವಸ್ಥೆ. 1970ರ ದಶಕದ ಕೊನೆಗೆ ಮನೆಬಳಕೆಯ ಕಂಪ್ಯೂಟರುಗಳು ಬಂದಾಗ ಅವುಗಳಲ್ಲಿ ಹಲವಕ್ಕೆ ಟಿವಿಯೇ ಪರದೆಯಾಗಿತ್ತು. ಮುಂದೆ ಕಂಪ್ಯೂಟರಿಗೆ ಪ್ರತ್ಯೇಕ ಮಾನಿಟರ್ ಬಂದಮೇಲೆ ಎರಡರ ಸಂಕೇತಗಳೂ ಬೇರೆ ದಾರಿ ಹಿಡಿದವು. ಈಗ ಅವನ್ನು ಕೂಡಿಸಲು ಸಾಮಾನ್ಯವಾಗಿ ತಂತಿಯೊಂದೇ ಸಾಲದು, ನಡುವೆ ಒಂದು ಪರಿವರ್ತಕ ಬೇಕು.

ಗೆರೆಗಳ ವೇಗ

ತೊಡಕಿನ ಮೂಲ ಪರದೆಯ ಮೇಲೆ ಗೆರೆ ಎಳೆಯುವ ವೇಗದಲ್ಲಿದೆ. ಭಾರತ ಅನುಸರಿಸಿದ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಹಾಗಾಗಿ ಎಲೆಕ್ಟ್ರಾನ್ ಕಿರಣ ಸೆಕೆಂಡಿಗೆ 15,625 ಸಲ ಎಡದಿಂದ ಬಲಕ್ಕೆ ಓಡುತ್ತದೆ. ಈ ಗೆರೆಗಳನ್ನು ಅದು ಒಂದೇ ಸರದಿಯಲ್ಲಿ ಎಳೆಯುವುದಿಲ್ಲ. ಮೊದಲು ಒಂದು ಬಿಟ್ಟು ಒಂದರಂತೆ ಎಳೆದು, ಮರುಸರದಿಯಲ್ಲಿ ಉಳಿದವನ್ನು ತುಂಬುತ್ತದೆ. ಪ್ರತಿ ಸರದಿಗೆ ಫೀಲ್ಡ್ ಎಂದು ಹೆಸರು, ಸೆಕೆಂಡಿಗೆ 50 ಫೀಲ್ಡ್.

1987ರಲ್ಲಿ ಐಬಿಎಂ ತಂದ ವಿಜಿಎ ಪದ್ಧತಿಯ ನಡೆ ಬೇರೆ. ಅದರ 640 × 480 ಚಿತ್ರದಲ್ಲಿ ಎಲ್ಲ ಗೆರೆಗಳೂ ಸಾಲಾಗಿ, ಒಂದೇ ಸರದಿಯಲ್ಲಿ ಬರುತ್ತವೆ. ಸೆಕೆಂಡಿಗೆ ಸುಮಾರು 60 ಚಿತ್ರ, ಸುಮಾರು 31,500 ಗೆರೆ. ಟಿವಿಯ ವೇಗಕ್ಕೆ ಇದು ಇಮ್ಮಡಿ. ಟಿವಿಯ ಅಡ್ಡ ಓಟದ ಸರ್ಕ್ಯೂಟನ್ನು 15,625ರ ಆಸುಪಾಸಿಗೆ ಕಟ್ಟಿರುವುದರಿಂದ ಅದು ಈ ಓಟವನ್ನು ಹಿಂಬಾಲಿಸಲಾರದು. ಇದರ ಜೊತೆಗೆ, ವಿಜಿಎಯಲ್ಲಿ ಕೆಂಪು, ಹಸಿರು, ನೀಲಿಗೆ ಒಂದೊಂದು ತಂತಿ, ಗೆರೆಯ ತಾಳಕ್ಕೆ (ಸಿಂಕ್) ಒಂದು, ಚಿತ್ರದ ತಾಳಕ್ಕೆ ಇನ್ನೊಂದು. ಟಿವಿಯ ಹಿಂಬದಿಯ ಹಳದಿ ಸಾಕೆಟ್ಟಾದರೋ ಬೆಳಕು, ಬಣ್ಣ, ತಾಳ ಮೂರನ್ನೂ ಬೆರೆಸಿದ ಒಂದೇ ಸಂಕೇತವನ್ನು ಬಯಸುತ್ತದೆ. ಕಾಂಪೊಸಿಟ್ ವಿಡಿಯೊ ಎಂದರೆ ಇದೇ.

ಒಂದು ತುದಿಗೆ ವಿಜಿಎ ಪ್ಲಗ್, ಇನ್ನೊಂದು ತುದಿಗೆ ಮೂರು ಬಣ್ಣದ ಆರ್‌ಸಿಎ ಪಿನ್ ಇರುವ ಅಗ್ಗದ ಕೇಬಲ್ ಅಂಗಡಿಯಲ್ಲಿ ಸಿಗುತ್ತದೆ. ಅದರೊಳಗೆ ತಂತಿಯಲ್ಲದೆ ಬೇರೇನೂ ಇರುವುದಿಲ್ಲ. ವಿಜಿಎ ಸಾಕೆಟ್ಟಿನಿಂದಲೇ ಟಿವಿಗೆ ಒಗ್ಗುವ ಸಂಕೇತ ಕಳಿಸಬಲ್ಲ ಕೆಲವೇ ಉಪಕರಣಗಳಿಗೆಂದು ಮಾಡಿದ ಕೇಬಲ್ ಅದು. ಸಾಮಾನ್ಯ ಕಂಪ್ಯೂಟರಿಗೆ ಹಾಕಿದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ, ಇಲ್ಲವೇ ಓರೆಗೆರೆಗಳು ಹರಿದಾಡುತ್ತವೆ. ಈ ಜೋಡಣೆಗೆ ಕೈಹಾಕುವವರು ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದ ಸಂಗತಿ ಇದು.

ಟಿವಿಯನ್ನೇ ನಂಬಿದ್ದ ಯಂತ್ರಗಳು

1977ರ ಆಪಲ್ 2 ಕಾಂಪೊಸಿಟ್ ಸಂಕೇತ ಕೊಡುತ್ತಿತ್ತು. 1982ರಲ್ಲಿ ಬ್ರಿಟನ್ನಿನಲ್ಲಿ ಬಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಟಿವಿಯ ಆಂಟೆನಾ ಸಾಕೆಟ್ಟಿಗೇ ಸೇರುತ್ತಿತ್ತು. ಯುಎಚ್‌ಎಫ್ 36ನೇ ಚಾನೆಲ್‌ಗೆ ತಿರುಗಿಸಿದರೆ ಕಂಪ್ಯೂಟರ್ ಒಂದು ಪುಟ್ಟ ಪ್ರಸಾರ ಕೇಂದ್ರದಂತೆ ಕಾಣಿಸಿಕೊಳ್ಳುತ್ತಿತ್ತು. ಐಬಿಎಂ ಪಿಸಿಯ 1981ರ ಸಿಜಿಎ ಕಾರ್ಡಿನಲ್ಲೂ ಕಾಂಪೊಸಿಟ್ ಸಾಕೆಟ್ ಇತ್ತು. ಭಾರತದ ಶಾಲೆಗಳಿಗೆ 1984ರಲ್ಲಿ ಆರಂಭವಾದ ಕ್ಲಾಸ್ ಯೋಜನೆಯ ಮೂಲಕ ಬಂದ ಬಿಬಿಸಿ ಮೈಕ್ರೊದಲ್ಲಿ ಆಂಟೆನಾ, ಕಾಂಪೊಸಿಟ್, ಆರ್‌ಜಿಬಿ ಎಂಬ ಮೂರು ದಾರಿಗಳೂ ಇದ್ದವು.

ಇವುಗಳ ವಿನ್ಯಾಸದಲ್ಲಿ ಟಿವಿಯ ಮಿತಿಯನ್ನು ಅರಿತ ಜಾಣ್ಮೆ ಇದೆ. ಭಾರತದ ಅನಲಾಗ್ ಟಿವಿ ಪ್ರಸಾರದಲ್ಲಿ ಬೆಳಕಿನ ಸಂಕೇತಕ್ಕೆ ಸಿಗುತ್ತಿದ್ದ ಹರವು 5 ಮೆಗಾಹರ್ಟ್ಸ್. ಒಂದು ಗೆರೆಯ ಕಾಣುವ ಭಾಗ 52 ಮೈಕ್ರೊಸೆಕೆಂಡ್. ಒಂದು ಆವರ್ತಕ್ಕೆ ಎರಡು ಚುಕ್ಕೆಯಂತೆ ಲೆಕ್ಕ ಹಾಕಿದರೆ ಗೆರೆಯೊಂದಕ್ಕೆ 520 ಚುಕ್ಕೆ ದಕ್ಕುತ್ತದೆ. ಕಾಂಪೊಸಿಟ್‌ನಲ್ಲಿ ಬಣ್ಣದ ಸಂಕೇತ 4.43 ಮೆಗಾಹರ್ಟ್ಸ್ ಸುತ್ತ ಕುಳಿತಿರುವುದರಿಂದ ಆ ಭಾಗವನ್ನು ಟಿವಿ ಸೋಸಿ ತೆಗೆಯುತ್ತದೆ, ಚುಕ್ಕೆಗಳು ಇನ್ನೂ ಕಡಿಮೆಯಾಗುತ್ತವೆ. ಸಾಲಿಗೆ 80 ಅಕ್ಷರ, ಅಕ್ಷರಕ್ಕೆ 8 ಚುಕ್ಕೆ ಎಂದರೆ 640 ಚುಕ್ಕೆ ಬೇಕು. ಅದು ಇಲ್ಲಿ ಹಿಡಿಸದು. ಸ್ಪೆಕ್ಟ್ರಮ್ ಸಾಲಿಗೆ 32 ಅಕ್ಷರಕ್ಕೂ ಕಮಡೋರ್ 64 ಯಂತ್ರ 40 ಅಕ್ಷರಕ್ಕೂ ನಿಂತದ್ದು ಇದಕ್ಕೆ ಹೊಂದುತ್ತದೆ. ಇಂದಿನ ಕಂಪ್ಯೂಟರಿನ ಪುಟವನ್ನು ಹಾಗೆಯೇ ಹಳೆಯ ಟಿವಿಗೆ ಕಳಿಸಿ ಓದಲು ಹೊರಟರೆ ಕಣ್ಣು ಸೋಲುವುದು ಖಚಿತ. ಕನ್ನಡದ ಪಾಡು ಇನ್ನೂ ಕಷ್ಟ: ಒತ್ತಕ್ಷರಗಳು ಕೆಲವೇ ಗೆರೆಗಳಲ್ಲಿ ಅಡಕವಾಗಿರುವುದರಿಂದ ಮೊದಲು ಕಲಸಿಹೋಗುವುದು ಅವೇ.

ಟಿವಿ ಔಟ್

1990ರ ದಶಕದ ಕೊನೆಯಿಂದ ಹಲವು ಗ್ರಾಫಿಕ್ಸ್ ಕಾರ್ಡುಗಳಲ್ಲಿ ಟಿವಿ ಔಟ್ ಎಂಬ ದುಂಡು ಸಾಕೆಟ್ ಬಂತು. ಅದರ ಹಿಂದಿನ ಎನ್‌ಕೋಡರ್ ಚಿಪ್ ಚಿತ್ರವನ್ನು ಟಿವಿಯ ಗೆರೆಗಳಿಗೆ ಹೊಂದಿಸಿ, ಎರಡು ಫೀಲ್ಡುಗಳಾಗಿ ಸೀಳಿ, ಬಣ್ಣ ಬೆರೆಸಿ ಕಳಿಸುತ್ತದೆ. ಅದು ಮಾಡುವ ಇನ್ನೊಂದು ಕೆಲಸ ಅಷ್ಟೇ ಮುಖ್ಯ. ಒಂದೇ ಗೆರೆಯಷ್ಟು ದಪ್ಪದ ಅಡ್ಡಪಟ್ಟಿ ಒಂದು ಫೀಲ್ಡಿನಲ್ಲಿ ಮಾತ್ರ ಬರುವುದರಿಂದ ಸೆಕೆಂಡಿಗೆ 25 ಸಲ ಮಿನುಗಿ ಕಣ್ಣು ನೋಯಿಸುತ್ತದೆ. ಕಿಟಕಿಗಳ ಅಂಚು, ಅಕ್ಷರಗಳ ತಲೆಕಟ್ಟು ಎಲ್ಲ ನಡುಗುತ್ತವೆ. ಎನ್‌ಕೋಡರ್ ಅಕ್ಕಪಕ್ಕದ ಗೆರೆಗಳನ್ನು ತುಸು ಬೆರೆಸಿ ಈ ಮಿನುಗನ್ನು ತಗ್ಗಿಸುತ್ತದೆ. ಅದಕ್ಕೆ ತೆರುವ ಬೆಲೆ, ಚಿತ್ರ ಮಸುಕಾಗುವುದು. ಸಿನಿಮಾ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ.

ಟಿವಿ ಚಿತ್ರದ ಅಂಚನ್ನು ಚೌಕಟ್ಟಿನ ಹಿಂದೆ ಬಚ್ಚಿಡುತ್ತದೆ. ಪ್ರಸಾರದ ಕಾರ್ಯಕ್ರಮದಲ್ಲಿ ಅಂಚು ಹೋದರೆ ನಷ್ಟವಿಲ್ಲ, ಕಂಪ್ಯೂಟರಿನಲ್ಲಿ ಮೆನು ಇರುವುದೇ ಅಲ್ಲಿ. ಚಿತ್ರವನ್ನು ಕುಗ್ಗಿಸುವ ಆಯ್ಕೆಯನ್ನು ಡ್ರೈವರ್ ಸಾಫ್ಟ್‌ವೇರ್‌ನಲ್ಲಿ ಕೊಟ್ಟಿರುವುದು ಇದಕ್ಕಾಗಿ.

ಬೆಳಕು ಮತ್ತು ಬಣ್ಣವನ್ನು ಬೇರೆ ತಂತಿಗಳಲ್ಲಿ ಒಯ್ಯುವ ಎಸ್-ವಿಡಿಯೊ, ಕಾಂಪೊಸಿಟ್‌ಗಿಂತ ಸ್ಪಷ್ಟ. ಟಿವಿಯಲ್ಲಿ ಆ ಸಾಕೆಟ್ ಇದ್ದರೆ ಬಳಸದೆ ಬಿಡಬಾರದು. ಎಸ್-ವಿಡಿಯೊದ ಬೆಳಕಿನ ತಂತಿಯನ್ನಷ್ಟೇ ಹಳದಿ ಸಾಕೆಟ್ಟಿಗೆ ಸೇರಿಸಿದರೆ ಚಿತ್ರ ಕಪ್ಪು ಬಿಳುಪಾಗಿ ಬರುತ್ತದೆ. ಕಾರ್ಡನ್ನು ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಗೆ ಇಟ್ಟು, ಪಾಲ್ ಮಾತ್ರ ಬಲ್ಲ ಟಿವಿಗೆ ಜೋಡಿಸಿದಾಗಲೂ ಬಣ್ಣ ಮಾಯವಾಗುತ್ತದೆ, ಏಕೆಂದರೆ ಅಲ್ಲಿ ಬಣ್ಣದ ಸಂಕೇತ 3.58 ಮೆಗಾಹರ್ಟ್ಸ್‌ನಲ್ಲಿರುತ್ತದೆ, ಕೆಲವು ಸೆಟ್ಟುಗಳಲ್ಲಿ ಚಿತ್ರ ಮೇಲಿಂದ ಕೆಳಗೆ ಉರುಳಲೂಬಹುದು. ಹಲವು ಕಾರ್ಡುಗಳು ಯಂತ್ರ ಶುರುವಾಗುವಾಗ ತಂತಿಯ ಆ ತುದಿಯಲ್ಲಿ 75 ಓಮ್ ಹೊರೆ ಇದೆಯೇ ಎಂದು ಅಳೆದು ಟಿವಿಯನ್ನು ಗುರುತಿಸುತ್ತವೆ. ಹಾಗಾಗಿ ಟಿವಿಯನ್ನು ಮೊದಲೇ ಜೋಡಿಸಿ ಆಮೇಲೆ ಕಂಪ್ಯೂಟರ್ ಶುರುಮಾಡುವುದು ಕ್ರಮ.

ಇಂದಿನ ದಾರಿ

ಈಗಿನ ಕಂಪ್ಯೂಟರುಗಳಲ್ಲಿ ಎಚ್‌ಡಿಎಂಐ ಇರುವುದರಿಂದ, ಎಚ್‌ಡಿಎಂಐನಿಂದ ಎವಿಗೆ ಬದಲಿಸುವ ಸಣ್ಣ ಕನ್ವರ್ಟರ್ ಸಾಕಾಗುತ್ತದೆ. ಅದಕ್ಕೆ ಸಾಮಾನ್ಯವಾಗಿ ಯುಎಸ್‌ಬಿಯಿಂದ 5 ವೋಲ್ಟ್ ವಿದ್ಯುತ್ ಬೇಕು. ಬದಿಯಲ್ಲಿ ಪಾಲ್, ಎನ್‌ಟಿಎಸ್‌ಸಿ ಸ್ವಿಚ್ ಇದ್ದರೆ ಪಾಲ್ ಕಡೆಗಿಡಬೇಕು. 2012ರ ಮೊದಲ ರಾಸ್‌ಬೆರಿ ಪೈ ಕಂಪ್ಯೂಟರಿನಲ್ಲಿ ಹಳದಿ ಸಾಕೆಟ್ಟೇ ಇತ್ತು. 2014ರ ಬಿ ಪ್ಲಸ್ ಮಾದರಿಯಿಂದ ಅದು ಹೆಡ್‌ಫೋನ್ ಜ್ಯಾಕಿನೊಳಗೆ ಸೇರಿತು. ಆ ಜ್ಯಾಕಿಗೆ ಹಾಕುವ ಕೇಬಲ್ಲಿನಂತೆಯೇ ಕಾಣುವ ಕ್ಯಾಮರಾ ಕೇಬಲ್ಲುಗಳಲ್ಲಿ ತಂತಿಗಳ ಕ್ರಮ ಬೇರೆ ಇರುವುದುಂಟು, ನೋಡಿಕೊಂಡು ಹಾಕಬೇಕು.

ಆಂಟೆನಾ ಸಾಕೆಟ್ ಮಾತ್ರ ಇರುವ ಸೆಟ್ಟಿಗೆ, ಚಿತ್ರ ಮತ್ತು ದನಿಯನ್ನು ಟಿವಿ ಚಾನೆಲ್ಲಿನ ರೂಪಕ್ಕೆ ತರುವ ಆರ್‌ಎಫ್ ಮಾಡ್ಯುಲೇಟರ್ ಬೇಕಾಗುತ್ತದೆ. ಅಮೆರಿಕಕ್ಕೆಂದು ಮಾಡಿದ್ದನ್ನು ತಂದರೆ ದನಿ ಬರುವುದಿಲ್ಲ: ಅಲ್ಲಿ ದನಿ ಚಿತ್ರದಿಂದ 4.5 ಮೆಗಾಹರ್ಟ್ಸ್ ದೂರದಲ್ಲಿದ್ದರೆ ನಮ್ಮ ಟಿವಿ ಅದನ್ನು 5.5ರಲ್ಲಿ ಹುಡುಕುತ್ತದೆ. ಮಾಡ್ಯುಲೇಟರಿನ ಖರ್ಚು ಉಳಿಸಲೆಂದು ಟಿವಿ ಬಿಚ್ಚಿ ಒಳಗೆ ತಂತಿ ಬೆಸೆಯುವುದು ಪ್ರಾಣಕ್ಕೇ ಅಪಾಯ. ಅಂಥ ಅನೇಕ ಸೆಟ್ಟುಗಳಲ್ಲಿ ಚಾಸಿ ನೇರವಾಗಿ ಮನೆಯ ವಿದ್ಯುತ್ತಿಗೇ ಸೇರಿರುತ್ತದೆ. ಬಣ್ಣದ ಪಿಕ್ಚರ್ ಟ್ಯೂಬಿನ ಆನೋಡಿನಲ್ಲಿ 20,000 ವೋಲ್ಟಿಗೂ ಹೆಚ್ಚಿರುತ್ತದೆ, ಸ್ವಿಚ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು.

ಹಳೆಯ ವಿಡಿಯೊ ಆಟಗಳ ಪ್ರಿಯರು ಪರಿವರ್ತಕವನ್ನೇ ಬಿಟ್ಟು, ಗ್ರಾಫಿಕ್ಸ್ ಕಾರ್ಡೇ ಸೆಕೆಂಡಿಗೆ 15,000 ಚಿಲ್ಲರೆ ಗೆರೆ ಕೊಡುವಂತೆ ಡ್ರೈವರ್ ತಿದ್ದುತ್ತಾರೆ. ಆರ್‌ಜಿಬಿ ಬಲ್ಲ ಸ್ಕಾರ್ಟ್ ಸಾಕೆಟ್ಟಿನ ಯುರೋಪಿನ ಟಿವಿಗಳಲ್ಲಿ ಇದು ಸಾಧ್ಯ. ಪರಿವರ್ತಕ ಚಿತ್ರವನ್ನು ನೆನಪಿನಲ್ಲಿಟ್ಟು ಕಳಿಸುವುದರಿಂದ ತುಸು ತಡವಾಗುತ್ತದೆ. ಪರದೆಗೆ ಗುರಿಯಿಡುವ ಬಂದೂಕಿನ ಆಟಗಳು ಕಿರಣ ಹಾಯುವ ಕ್ಷಣವನ್ನೇ ನಂಬಿರುವುದರಿಂದ ಅಷ್ಟು ತಡವಾದರೂ ಗುರಿ ತಪ್ಪುತ್ತದೆ.