ಉಳಿಸಿಕೊಂಡ ಬೀಜ ತಾಯಿಗಿಡದಂತೆಯೇ ಬೆಳೆಯುವುದೇ? ಅನುವಂಶೀಯತೆಯ ತಿಳಿವಳಿಕೆ ಮತ್ತು ಬಿತ್ತನೆ ಬೀಜದ ಆಯ್ಕೆ

ಉತ್ತಮ ಇಳುವರಿ ನೀಡಿದ ಬೆಳೆಯಿಂದಲೇ ಮುಂದಿನ ಹಂಗಾಮಿನ ಬಿತ್ತನೆಗೆ ಬೀಜ ತೆಗೆದಿರಿಸುವುದು ನಮ್ಮ ರೈತರಲ್ಲಿ ತಲೆತಲಾಂತರದಿಂದ ಬಂದಿರುವ ಪದ್ಧತಿ. ರಾಗಿ, ಭತ್ತ ಮತ್ತು ಶೇಂಗಾದ ಸುಧಾರಿತ ತಳಿಗಳಲ್ಲಿ ಈ ಪದ್ಧತಿಯಿಂದ ನಷ್ಟವಿಲ್ಲ. ಆದರೆ ಇದೇ ಪದ್ಧತಿಯನ್ನು ಸಂಕರಣ ಮುಸುಕಿನ ಜೋಳ, ಸೂರ್ಯಕಾಂತಿ, ಹತ್ತಿ ಅಥವಾ ಸಂಕರಣ ಭತ್ತದಲ್ಲಿ ಅನುಸರಿಸಿದಾಗ ಗಿಡಗಳು ಏರುಪೇರಾಗಿ ಬೆಳೆಯುತ್ತವೆ, ಹೂವು ಒಂದೇ ಸಮಯಕ್ಕೆ ಬರುವುದಿಲ್ಲ, ಇಳುವರಿ ಕುಸಿಯುತ್ತದೆ. ಭೂಮಿ, ಗೊಬ್ಬರ, ನೀರು ಯಾವುದರಲ್ಲಿಯೂ ಕೊರತೆ ಇಲ್ಲದಿದ್ದರೂ ಹೀಗಾಗುವುದಕ್ಕೆ ಕಾರಣ ಬೀಜದೊಳಗಿನ ವಂಶವಾಹಿಗಳಲ್ಲಿದೆ. ಆ ಕಾರಣವನ್ನು ತಿಳಿದುಕೊಂಡರೆ ಯಾವ ಬೀಜವನ್ನು ಉಳಿಸಿಕೊಳ್ಳಬಹುದು, ಯಾವುದನ್ನು ಪ್ರತಿ ಹಂಗಾಮಿನಲ್ಲಿ ಹೊಸದಾಗಿ ಕೊಳ್ಳಬೇಕು ಎಂಬುದನ್ನು ನೀವೇ ನಿರ್ಧರಿಸಬಹುದು.

ವಂಶವಾಹಿ ಎಂದರೇನು?

ಗಿಡದ ಎತ್ತರ, ಕಾಳಿನ ಬಣ್ಣ, ಹೂ ಬಿಡುವ ಅವಧಿ, ರೋಗ ತಡೆಯುವ ಶಕ್ತಿ ಮುಂತಾದ ಲಕ್ಷಣಗಳಿಗೆ ಬೇಕಾದ ಸೂಚನೆಗಳು ಜೀವಕೋಶದೊಳಗಿನ ವರ್ಣತಂತುಗಳಲ್ಲಿ ಅಡಕವಾಗಿರುತ್ತವೆ. ಈ ಸೂಚನೆಗಳ ಒಂದೊಂದು ಘಟಕವೇ ವಂಶವಾಹಿ ಅಥವಾ ಜೀನ್. ಸಾಮಾನ್ಯವಾಗಿ ಪ್ರತಿಯೊಂದು ವಂಶವಾಹಿಯೂ ಗಿಡದಲ್ಲಿ ಎರಡು ಪ್ರತಿಗಳಲ್ಲಿರುತ್ತದೆ. ಒಂದು ಪ್ರತಿ ತಾಯಿಗಿಡದ ಅಂಡದಿಂದ ಬಂದರೆ, ಇನ್ನೊಂದು ಪರಾಗವನ್ನು ನೀಡಿದ ತಂದೆಗಿಡದಿಂದ ಬರುತ್ತದೆ. ಈ ಗಿಡವು ಮುಂದೆ ತನ್ನದೇ ಪರಾಗ ಅಥವಾ ಅಂಡವನ್ನು ಉತ್ಪಾದಿಸುವಾಗ ಎರಡರಲ್ಲಿ ಯಾವುದಾದರೊಂದು ಪ್ರತಿಯನ್ನು ಮಾತ್ರ ಅದಕ್ಕೆ ನೀಡುತ್ತದೆ.

ಈ ನಿಯಮವನ್ನು ಮೊದಲು ಕಂಡುಕೊಂಡವರು ಗ್ರೆಗರ್ ಮೆಂಡೆಲ್. ಇಂದಿನ ಚೆಕ್ ಗಣರಾಜ್ಯಕ್ಕೆ ಸೇರಿರುವ ಬ್ರನೋ ಪಟ್ಟಣದ ಕ್ರೈಸ್ತ ಮಠವೊಂದರ ತೋಟದಲ್ಲಿ ಅವರು ಬಟಾಣಿ ಗಿಡಗಳ ಮೇಲೆ ಪ್ರಯೋಗ ನಡೆಸಿ, ಫಲಿತಾಂಶವನ್ನು 1866ರಲ್ಲಿ ಪ್ರಕಟಿಸಿದರು. ಎತ್ತರದ ಬಟಾಣಿಯನ್ನು ಗಿಡ್ಡ ಬಟಾಣಿಯೊಂದಿಗೆ ಸಂಕರಿಸಿದಾಗ ಮೊದಲ ಪೀಳಿಗೆಯ ಗಿಡಗಳೆಲ್ಲವೂ ಎತ್ತರವಾಗಿದ್ದವು. ಆ ಗಿಡಗಳಿಂದ ಬೀಜ ತೆಗೆದು ಬಿತ್ತಿದಾಗ ಎರಡನೇ ಪೀಳಿಗೆಯ 1064 ಗಿಡಗಳಲ್ಲಿ 787 ಎತ್ತರವಾಗಿಯೂ 277 ಗಿಡ್ಡವಾಗಿಯೂ ಬೆಳೆದವು. ಅಂದರೆ ಸುಮಾರು ಮೂರಕ್ಕೆ ಒಂದರ ಪ್ರಮಾಣ. ಮೊದಲ ಪೀಳಿಗೆಯಲ್ಲಿ ಕಾಣದಿದ್ದ ಗಿಡ್ಡತನ ಅಳಿದುಹೋಗಿರಲಿಲ್ಲ. ಎತ್ತರದ ಪ್ರಬಲ ವಂಶವಾಹಿಯ ಹಿಂದೆ ಮರೆಯಾಗಿತ್ತು. ಎರಡು ಗಿಡ್ಡ ಪ್ರತಿಗಳು ಒಂದೇ ಬೀಜದಲ್ಲಿ ಕೂಡಿದಾಗ ಅದು ಮತ್ತೆ ಹೊರಬಂದಿತು.

ಇದರಿಂದ ರೈತರು ಗ್ರಹಿಸಬೇಕಾದ ಅಂಶ ಒಂದೇ: ಗಿಡದ ಹೊರನೋಟವು ಅದರೊಳಗಿರುವ ಎಲ್ಲ ವಂಶವಾಹಿಗಳನ್ನು ತೋರಿಸುವುದಿಲ್ಲ. ನೋಡಲು ಒಂದೇ ತೆರನಾಗಿರುವ ಎರಡು ಗಿಡಗಳ ಬೀಜಗಳು ಮುಂದಿನ ಪೀಳಿಗೆಯಲ್ಲಿ ಸಂಪೂರ್ಣ ಭಿನ್ನವಾಗಿ ವರ್ತಿಸಬಹುದು.

ತಳಿ ಮತ್ತು ಸಂಕರಣ ತಳಿಗಿರುವ ವ್ಯತ್ಯಾಸ

ಹಳ್ಳಿಗಳಲ್ಲಿ ಹೊಸ ಬೀಜಗಳನ್ನೆಲ್ಲ 'ಹೈಬ್ರಿಡ್' ಎಂದು ಕರೆಯುವ ರೂಢಿಯಿದೆ. ಈ ಒಂದು ಮಾತಿನಿಂದಲೇ ಅನೇಕ ತಪ್ಪುಗಳು ಆಗುತ್ತಿವೆ. ಇಲ್ಲಿ ಎರಡು ಬಗೆಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿ ನೋಡಬೇಕು.

ಮೊದಲನೆಯದು, ಸುಧಾರಿತ ತಳಿ. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಸಂಕರಿಸಿ ಇಂಡಾಫ್ ತಳಿಗಳನ್ನು ರೂಪಿಸಿದರು. ಇಂಡಿಯಾ ಮತ್ತು ಆಫ್ರಿಕಾ ಎಂಬ ಎರಡು ಹೆಸರುಗಳು ಕೂಡಿ 'ಇಂಡಾಫ್' ಆಗಿದೆ. ಇಂತಹ ತಳಿಯ ಹುಟ್ಟು ಸಂಕರಣದಿಂದಲೇ ಆದರೂ ರೈತರ ಕೈಗೆ ಬರುವುದು ಸಂಕರಣ ಬೀಜವಲ್ಲ. ಸಂಕರಣದ ನಂತರ ಹಲವು ಪೀಳಿಗೆಗಳವರೆಗೆ ಸ್ವಕೀಯ ಪರಾಗಸ್ಪರ್ಶಕ್ಕೆ ಒಳಪಡಿಸಿ, ಆಯ್ಕೆ ಮಾಡಿ ಸ್ಥಿರಗೊಳಿಸಿದ ಬೀಜ ಅದು. ಪ್ರತಿ ಪೀಳಿಗೆಯ ಸ್ವಕೀಯ ಪರಾಗಸ್ಪರ್ಶದಿಂದ ಭಿನ್ನ ಜೋಡಿಗಳ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಮೊದಲ ಪೀಳಿಗೆಯಲ್ಲಿ ಶೇಕಡ 100 ಇದ್ದದ್ದು ಎರಡನೆಯದರಲ್ಲಿ 50, ಮೂರನೆಯದರಲ್ಲಿ 25, ನಾಲ್ಕನೆಯದರಲ್ಲಿ 12.5, ಆರನೆಯದರಲ್ಲಿ ಸುಮಾರು 3 ಆಗುತ್ತದೆ. ಆ ಹಂತಕ್ಕೆ ಬಂದ ಗಿಡದಲ್ಲಿ ವಂಶವಾಹಿಯ ಎರಡೂ ಪ್ರತಿಗಳು ಬಹುತೇಕ ಒಂದೇ ಆಗಿರುವುದರಿಂದ ಬೀಜ ತಾಯಿಗಿಡದಂತೆಯೇ ಬೆಳೆಯುತ್ತದೆ. ಬೆಂಕಿರೋಗ ತಡೆಯುವ ಜಿಪಿಯು-28 ರಾಗಿಯೂ ಇಂತಹದೇ ಸ್ಥಿರ ತಳಿಯಾಗಿದೆ.

ಎರಡನೆಯದು, ಸಂಕರಣ ತಳಿ. ಇಲ್ಲಿ ಎರಡು ಶುದ್ಧ ಪೋಷಕ ತಳಿಗಳನ್ನು ಸಂಕರಿಸಿ ದೊರೆತ ಮೊದಲ ಪೀಳಿಗೆಯ ಬೀಜವನ್ನೇ ನೇರವಾಗಿ ಮಾರಾಟ ಮಾಡಲಾಗುತ್ತದೆ. ಧಾರವಾಡದಿಂದ 1972ರಲ್ಲಿ ಬಂದ ವರಲಕ್ಷ್ಮಿ ಹತ್ತಿ ಮತ್ತು ನಂತರದ ಡಿಸಿಎಚ್-32 ಇದಕ್ಕೆ ಹೆಸರಾಂತ ಉದಾಹರಣೆಗಳು. ಎರಡು ಬೇರೆ ಬೇರೆ ಪ್ರಭೇದಗಳ ಹತ್ತಿಯನ್ನು ಸಂಕರಿಸಿ ಇವುಗಳನ್ನು ಪಡೆಯಲಾಯಿತು. ಮೊದಲ ಪೀಳಿಗೆಯ ಎಲ್ಲ ಗಿಡಗಳೂ ಒಂದೇ ಜೋಡಿ ವಂಶವಾಹಿಗಳನ್ನು ಹೊಂದಿರುವುದರಿಂದ ಬೆಳೆ ಏಕರೂಪವಾಗಿರುತ್ತದೆ. ಜೊತೆಗೆ ಪೋಷಕ ತಳಿಗಳೆರಡನ್ನೂ ಮೀರಿಸುವ ಬೆಳವಣಿಗೆ ಕಂಡುಬರುತ್ತದೆ. ಇದನ್ನು ಸಂಕರಣ ಹುರುಪು ಎನ್ನುತ್ತಾರೆ.

ಸಂಕರಣ ಬೀಜವನ್ನು ಉಳಿಸಿ ಬಿತ್ತಿದರೆ ಏನಾಗುತ್ತದೆ?

1. ಏಕರೂಪತೆ ಕೆಡುತ್ತದೆ: ಎರಡು ಪೋಷಕ ತಳಿಗಳ ನಡುವೆ ಕೇವಲ 10 ವಂಶವಾಹಿಗಳಲ್ಲಿ ವ್ಯತ್ಯಾಸವಿದ್ದು, ಅವು ಪರಸ್ಪರ ಸ್ವತಂತ್ರವಾಗಿ ಹಂಚಿಕೆಯಾದರೂ, ಎರಡನೇ ಪೀಳಿಗೆಯಲ್ಲಿ 59,049 ಬಗೆಯ ಜೋಡಣೆಗಳು ಸಾಧ್ಯ. ವಾಸ್ತವದಲ್ಲಿ ವ್ಯತ್ಯಾಸ ಇದಕ್ಕಿಂತ ಹೆಚ್ಚಿರುತ್ತದೆ. ಆದ್ದರಿಂದ ಹೊಲದಲ್ಲಿ ಎತ್ತರ, ಮಾಗುವ ಅವಧಿ, ಕಾಯಿಯ ಗಾತ್ರ ಎಲ್ಲವೂ ಬೆರಕೆಯಾಗಿ ಕಾಣುತ್ತವೆ. ಹತ್ತಿಯಲ್ಲಿ ಎಳೆಯ ಉದ್ದವೂ ಗಿಡದಿಂದ ಗಿಡಕ್ಕೆ ಬದಲಾಗುವುದರಿಂದ ಮಾರುಕಟ್ಟೆಯಲ್ಲಿ ಬೆಲೆ ಕಡಿಮೆಯಾಗುತ್ತದೆ.

2. ಹುರುಪು ಕುಗ್ಗುತ್ತದೆ: ಎರಡು ಶುದ್ಧ ತಳಿಗಳ ಸಂಕರಣದಿಂದ ಬಂದ ಮುಸುಕಿನ ಜೋಳದ ಬೀಜವನ್ನು ಉಳಿಸಿ ಬಿತ್ತಿದಾಗ ಭಿನ್ನ ಜೋಡಿಗಳ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಅದರೊಡನೆ ಸಂಕರಣ ಹುರುಪಿನ ಬಹುಭಾಗವೂ ಇಳಿಯುತ್ತದೆ. ದೊಡ್ಡ ತೆನೆಗಳನ್ನೇ ಆರಿಸಿ ಬೀಜ ತೆಗೆದರೂ ಇದನ್ನು ತಪ್ಪಿಸಲಾಗದು.

3. ಜೊಳ್ಳು ಹೆಚ್ಚುತ್ತದೆ: ಮಂಡ್ಯದಲ್ಲಿ ಅಭಿವೃದ್ಧಿಪಡಿಸಿದ ಕೆಆರ್‌ಎಚ್-2 ರಂತಹ ಸಂಕರಣ ಭತ್ತದಲ್ಲಿ ತಾಯಿ ತಳಿಗೆ ಗಂಡು ಬಂಜೆತನವಿರುತ್ತದೆ, ಅಂದರೆ ಅದರ ಪರಾಗ ಫಲವತ್ತಾಗಿರುವುದಿಲ್ಲ. ಈ ಗುಣದ ಮೂಲ ಜೀವಕೋಶದ ಕೇಂದ್ರದ ಹೊರಗಿರುವ ರಸದಲ್ಲಿದ್ದು, ತಾಯಿಯಿಂದ ಮಾತ್ರ ಮುಂದಿನ ಪೀಳಿಗೆಗೆ ಸಾಗುತ್ತದೆ. ತಂದೆ ತಳಿಯಲ್ಲಿ ಫಲವತ್ತತೆಯನ್ನು ಮರಳಿಸುವ ವಂಶವಾಹಿ ಇರುವುದರಿಂದ ನೀವು ಕೊಂಡು ಬಿತ್ತಿದ ಬೆಳೆ ಕಾಳು ಕಟ್ಟುತ್ತದೆ. ಅದರ ಬೀಜವನ್ನು ಮತ್ತೆ ಬಿತ್ತಿದಾಗ ಕೆಲವು ಗಿಡಗಳಿಗೆ ಈ ವಂಶವಾಹಿ ದೊರೆಯುವುದಿಲ್ಲ, ಆದರೆ ಬಂಜೆತನ ಮಾತ್ರ ದೊರೆತಿರುತ್ತದೆ. ಅಂತಹ ಗಿಡಗಳ ತೆನೆಯಲ್ಲಿ ಜೊಳ್ಳೇ ಹೆಚ್ಚು.

4. ಕೀಟ ಮತ್ತು ರೋಗ ನಿರೋಧಕತೆ ಹರಿದುಹಂಚಿ ಹೋಗುತ್ತದೆ: ಬಿಟಿ ಸಂಕರಣ ಹತ್ತಿಯಲ್ಲಿ ಕಾಯಿಕೊರಕದ ವಿರುದ್ಧ ಕೆಲಸ ಮಾಡುವ ಒಂದು ವಂಶವಾಹಿಯನ್ನು ಪೋಷಕ ತಳಿಗಳಲ್ಲಿ ಒಂದು ಮಾತ್ರ ಹೊತ್ತಿದ್ದರೆ, ಉಳಿಸಿದ ಬೀಜದಿಂದ ಬೆಳೆದ ಗಿಡಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಆ ವಂಶವಾಹಿಯೇ ಇರುವುದಿಲ್ಲ. ಹೊರನೋಟದಿಂದ ಅವುಗಳನ್ನು ಗುರುತಿಸುವುದು ಸಾಧ್ಯವಿಲ್ಲ. ಹುಳು ಬಿದ್ದ ಮೇಲೆಯೇ ತಿಳಿಯುತ್ತದೆ.

ಪರಾಗಸ್ಪರ್ಶದ ಬಗೆ ಮತ್ತು ಬೀಜದ ಶುದ್ಧತೆ

ಸ್ಥಿರ ತಳಿಯ ಬೀಜವೂ ನಿಮ್ಮ ಹೊಲದಲ್ಲಿ ಶುದ್ಧವಾಗಿ ಉಳಿಯುವುದೇ ಎಂಬುದು ಆ ಬೆಳೆಯ ಪರಾಗಸ್ಪರ್ಶವನ್ನು ಅವಲಂಬಿಸಿದೆ. ಪ್ರಮಾಣಿತ ಬೀಜೋತ್ಪಾದನೆಯಲ್ಲಿ ಒಂದೇ ಬೆಳೆಯ ಬೇರೆ ತಳಿಯಿಂದ ಕಾಯ್ದುಕೊಳ್ಳಬೇಕಾದ ಕನಿಷ್ಠ ಪ್ರತ್ಯೇಕತಾ ಅಂತರವನ್ನು ಕೆಳಗೆ ನೀಡಲಾಗಿದೆ.

ಸ್ವಕೀಯ ಪರಾಗಸ್ಪರ್ಶದ ಬೆಳೆಗಳು: ರಾಗಿ, ಭತ್ತ, ಶೇಂಗಾ. ಹೂವು ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ. 3 ಮೀಟರ್ ಅಂತರ ಸಾಕು. ಇಲ್ಲಿ ಬೆರಕೆಯಾಗುವುದು ಹೆಚ್ಚಾಗಿ ಕಣದಲ್ಲಿ, ಒಕ್ಕಣೆ ಯಂತ್ರದಲ್ಲಿ ಮತ್ತು ಚೀಲದಲ್ಲಿ.

ಭಾಗಶಃ ಪರಕೀಯ ಪರಾಗಸ್ಪರ್ಶದ ಬೆಳೆಗಳು: ತೊಗರಿ ಮತ್ತು ಜೋಳದ ತಳಿಗಳು. 100 ಮೀಟರ್ ಅಂತರ ಬೇಕು. ತೊಗರಿಯಲ್ಲಿ ಜೇನ್ನೊಣಗಳು ಪರಾಗವನ್ನು ಒಂದು ಹೊಲದಿಂದ ಇನ್ನೊಂದಕ್ಕೆ ಒಯ್ಯುತ್ತವೆ. ಸೊರಗು ರೋಗ ತಡೆಯುವ ಟಿಎಸ್-3ಆರ್ ತೊಗರಿಯ ಪಕ್ಕದಲ್ಲಿ ರೋಗಕ್ಕೆ ತುತ್ತಾಗುವ ಹಳೆಯ ತಳಿಯಿದ್ದರೆ, ಉಳಿಸಿದ ಬೀಜದಲ್ಲಿ ನಿರೋಧಕ ಗುಣ ವರ್ಷದಿಂದ ವರ್ಷಕ್ಕೆ ಸಡಿಲವಾಗುತ್ತಾ ಹೋಗುತ್ತದೆ.

ಪರಕೀಯ ಪರಾಗಸ್ಪರ್ಶದ ಬೆಳೆಗಳು: ಮುಸುಕಿನ ಜೋಳ, ಸಜ್ಜೆ, ಸೂರ್ಯಕಾಂತಿ. ಇವುಗಳ ಸಂಕರಣವಲ್ಲದ ತಳಿಗಳಿಗೂ 200 ಮೀಟರ್ ಅಂತರ ಬೇಕು. ಬಿಳಿ ಕಾಳಿನ ಮುಸುಕಿನ ಜೋಳದ ತೆನೆಯಲ್ಲಿ ಅಲ್ಲಲ್ಲಿ ಹಳದಿ ಕಾಳು ಕಾಣಿಸಿಕೊಂಡರೆ, ಪಕ್ಕದ ಹೊಲದ ಪರಾಗ ಬಂದು ಸೇರಿದೆ ಎಂದೇ ತಿಳಿಯಬೇಕು. ಈ ಬೆಳೆಯಲ್ಲಿ ಬೆರಕೆ ಅದೇ ಹಂಗಾಮಿನಲ್ಲಿ ಕಣ್ಣಿಗೆ ಬೀಳುತ್ತದೆ. ತೊಗರಿಯಂತಹ ಬೆಳೆಗಳಲ್ಲಿ ಮುಂದಿನ ವರ್ಷದವರೆಗೆ ಗೊತ್ತಾಗುವುದೇ ಇಲ್ಲ.

ಕಬ್ಬು, ಆಲೂಗಡ್ಡೆ ಮತ್ತು ಬಾಳೆಯನ್ನು ತುಂಡು, ಗಡ್ಡೆ ಅಥವಾ ಕಂದಿನಿಂದ ಬೆಳೆಸುವುದರಿಂದ ವಂಶವಾಹಿಗಳ ಮರುಹಂಚಿಕೆ ನಡೆಯುವುದಿಲ್ಲ. ತಾಯಿಗಿಡದ ಗುಣ ಹಾಗೆಯೇ ಮುಂದುವರಿಯುತ್ತದೆ. ಕಸಿ ಮಾವಿನಲ್ಲಿಯೂ ಹೀಗೆಯೇ. ಆದರೆ ಅದೇ ಮಾವಿನ ಓಟೆ ನೆಟ್ಟು ಬೆಳೆಸಿದ ಮರದ ಹಣ್ಣು ಬೇರೆಯಾಗಬಹುದು.

ದೊಡ್ಡ ತೆನೆ ಆರಿಸಿದರೆ ಸಾಕೇ?

ಗಿಡದ ಲಕ್ಷಣವು ವಂಶವಾಹಿ ಮತ್ತು ಪರಿಸರ ಇವೆರಡರ ಕೂಡುಫಲ. ತಿಪ್ಪೆಯ ಪಕ್ಕದಲ್ಲಿ ಅಥವಾ ನೀರಿನ ಕಾಲುವೆಯ ಅಂಚಿನಲ್ಲಿ ಬೆಳೆದ ರಾಗಿಯ ತೆನೆ ದಪ್ಪವಾಗಿರುವುದು ಸಹಜ; ಆ ದಪ್ಪ ಬೀಜದ ಮೂಲಕ ಮುಂದಿನ ಬೆಳೆಗೆ ಸಾಗುವುದಿಲ್ಲ. ಡೆನ್ಮಾರ್ಕಿನ ವಿಜ್ಞಾನಿ ವಿಲ್ಹೆಲ್ಮ್ ಯೊಹಾನ್ಸನ್ 1903ರಲ್ಲಿ ಹುರುಳಿಕಾಯಿ ಬೆಳೆಯಲ್ಲಿ ಇದನ್ನು ತೋರಿಸಿಕೊಟ್ಟರು. ಒಂದೇ ಶುದ್ಧ ಸಾಲಿನ ದೊಡ್ಡ ಬೀಜಗಳನ್ನೂ ಸಣ್ಣ ಬೀಜಗಳನ್ನೂ ಬೇರೆ ಬೇರೆಯಾಗಿ ಬಿತ್ತಿದಾಗ ಮುಂದಿನ ಪೀಳಿಗೆಯ ಸರಾಸರಿ ಬೀಜದ ತೂಕ ಎರಡರಲ್ಲಿಯೂ ಒಂದೇ ತೆರನಾಗಿತ್ತು. 'ಜೀನ್' ಎಂಬ ಪದವನ್ನು 1909ರಲ್ಲಿ ಬಳಕೆಗೆ ತಂದವರೂ ಅವರೇ. ಆದ್ದರಿಂದ ಶುದ್ಧ ತಳಿಯಲ್ಲಿ ಬೀಜದ ಆಯ್ಕೆಯ ಉದ್ದೇಶ ಇಳುವರಿ ಹೆಚ್ಚಿಸುವುದಲ್ಲ, ತಳಿಯ ಶುದ್ಧತೆಯನ್ನು ಕಾಪಾಡುವುದು.

ಬೀಜ ಉಳಿಸಿಕೊಳ್ಳುವವರು ಅನುಸರಿಸಬೇಕಾದ ಕ್ರಮಗಳು

1. ಚೀಲದ ಮೇಲಿನ ಚೀಟಿಯನ್ನು ಓದಿ, ಬೀಜ ತಳಿಯದೋ ಸಂಕರಣ ತಳಿಯದೋ ಎಂಬುದನ್ನು ಖಚಿತಪಡಿಸಿಕೊಳ್ಳಿ. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ, ಮೂಲ ಬೀಜಕ್ಕೆ ಬಿಳಿ ಚೀಟಿ ಇರುತ್ತದೆ. ನೀಲಿ ಚೀಟಿ ಸಂಕರಣ ಬೀಜಕ್ಕೂ ಇರುವುದರಿಂದ ಬಣ್ಣವನ್ನಷ್ಟೇ ನೋಡಿ ತೀರ್ಮಾನಿಸಬಾರದು. ಚೀಟಿಯನ್ನು ಕಟಾವಿನವರೆಗೆ ಕಾಯ್ದಿರಿಸಿ.

2. ಬೀಜಕ್ಕೆಂದು ಹೊಲದ ನಡುಭಾಗದಲ್ಲಿ ಒಂದು ಪಟ್ಟಿಯನ್ನು ಗುರುತಿಸಿ. ಬದುವಿನ ಅಂಚು, ತಿಪ್ಪೆಯ ಪಕ್ಕ ಮತ್ತು ಬೇರೆ ತಳಿಯ ಹೊಲಕ್ಕೆ ತಾಗಿದ ಸಾಲುಗಳನ್ನು ಬಿಟ್ಟುಬಿಡಿ.

3. ಹೂ ಬಿಡುವ ಮುನ್ನ, ಹೂ ಬಿಡುವಾಗ ಮತ್ತು ಕಟಾವಿನ ಮುನ್ನ ಹೀಗೆ ಮೂರು ಬಾರಿ ಬೆರಕೆ ಗಿಡಗಳನ್ನು ಕಿತ್ತು ಹಾಕಿ. ಪರಕೀಯ ಪರಾಗಸ್ಪರ್ಶದ ಬೆಳೆಗಳಲ್ಲಿ ಹೂ ಬಿಡುವ ಮುನ್ನ ಕೀಳುವುದು ಅತಿಮುಖ್ಯ. ಪರಾಗ ಹಾರಿದ ನಂತರ ಕಿತ್ತರೆ ಪ್ರಯೋಜನ ಅಲ್ಪ.

4. ತೊಗರಿ, ಸಜ್ಜೆಯಂತಹ ಬೆಳೆಗಳ ತಳಿಗಳಲ್ಲಿ ಒಂದೆರಡು ಉತ್ತಮ ಗಿಡಗಳಿಂದ ಮಾತ್ರ ಬೀಜ ತೆಗೆಯಬೇಡಿ. ಹೊಲದುದ್ದಕ್ಕೂ ಇರುವ ಅನೇಕ ಆರೋಗ್ಯವಂತ ಗಿಡಗಳ ಬೀಜವನ್ನು ಕೂಡಿಸಿ. ಇಲ್ಲವಾದರೆ ಹತ್ತಿರದ ಸಂಬಂಧದ ಗಿಡಗಳ ನಡುವೆಯೇ ಪರಾಗಸ್ಪರ್ಶ ನಡೆದು ಬೆಳೆಯ ಶಕ್ತಿ ಕುಂದುತ್ತದೆ.

5. ಬೀಜದ ಪಟ್ಟಿಯನ್ನು ಮೊದಲು ಕಟಾವು ಮಾಡಿ, ಪ್ರತ್ಯೇಕವಾಗಿ ಒಕ್ಕಣೆ ಮಾಡಿ, ಶುಭ್ರವಾದ ಹೊಸ ಚೀಲದಲ್ಲಿ ತಳಿಯ ಹೆಸರು ಮತ್ತು ವರ್ಷ ಬರೆದು ಸಂಗ್ರಹಿಸಿ. ಬಿತ್ತನೆಗೆ ಮುನ್ನ 100 ಬೀಜಗಳನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟು ಮೊಳಕೆಯನ್ನು ಎಣಿಸಿ. ರಾಗಿಯಲ್ಲಿ 75, ಭತ್ತದಲ್ಲಿ 80, ಶೇಂಗಾದಲ್ಲಿ 70ಕ್ಕಿಂತ ಕಡಿಮೆ ಬಂದರೆ ಆ ಬೀಜವನ್ನು ಬಿತ್ತನೆಗೆ ಬಳಸಬಾರದು.

6. ಶುದ್ಧತೆ ಕಾಯ್ದುಕೊಂಡರೂ ಮೂರು ವರ್ಷಗಳಿಗೊಮ್ಮೆ ಪ್ರಮಾಣಿತ ಬೀಜವನ್ನು ತಂದು ಬದಲಿಸುವುದು ಒಳ್ಳೆಯದು.

ತಾನು ಬೆಳೆದ ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ನೆರೆಯವರೊಂದಿಗೆ ಹಂಚಿಕೊಳ್ಳುವ ಮತ್ತು ವಿನಿಮಯ ಮಾಡಿಕೊಳ್ಳುವ ಹಕ್ಕನ್ನು 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮವು ರೈತರಿಗೆ ನೀಡಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹೆಸರಿನಲ್ಲಿ ಮಾರುವುದಕ್ಕೆ ಮಾತ್ರ ಅವಕಾಶವಿಲ್ಲ. ಆದರೆ ಹಕ್ಕು ಇದೆ ಎಂಬ ಕಾರಣಕ್ಕೆ ಸಂಕರಣ ಬೀಜವನ್ನು ಉಳಿಸಿದರೆ ಲಾಭವಾಗದು. ಅಲ್ಲಿ ತಡೆಯಾಗಿರುವುದು ಕಾನೂನಲ್ಲ, ಅನುವಂಶೀಯತೆಯ ನಿಯಮ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಈ ವಿಷಯವನ್ನು ಮಾತಿನಲ್ಲಿ ಹೇಳುವುದಕ್ಕಿಂತ ಹೊಲದಲ್ಲಿ ತೋರಿಸುವುದು ಪರಿಣಾಮಕಾರಿ. ಒಬ್ಬ ರೈತರ ಹೊಲದಲ್ಲಿ ಹೊಸ ಸಂಕರಣ ಮುಸುಕಿನ ಜೋಳದ ಐದು ಸಾಲು, ಅದರ ಪಕ್ಕದಲ್ಲಿ ಅದೇ ಸಂಕರಣ ತಳಿಯಿಂದ ಉಳಿಸಿದ ಬೀಜದ ಐದು ಸಾಲು ಬಿತ್ತಿಸಿ. ಎರಡಕ್ಕೂ ಒಂದೇ ಗೊಬ್ಬರ ಮತ್ತು ನೀರು ಕೊಡಿಸಿ. ಸೂಲಂಗಿ ಬರುವ ದಿನ, ಗಿಡದ ಎತ್ತರ ಮತ್ತು ತೆನೆಯ ತೂಕವನ್ನು ರೈತರಿಂದಲೇ ಅಳೆಯಿಸಿ ಬರೆಯಿಸಿ. ಕಟಾವಿನ ದಿನ ಎರಡು ರಾಶಿಗಳನ್ನು ಅಕ್ಕಪಕ್ಕದಲ್ಲಿಟ್ಟಾಗ, ಉಳಿಸಿದ ಬೀಜದ ಖರ್ಚು ಎಷ್ಟು ಉಳಿಯಿತು, ಇಳುವರಿಯಲ್ಲಿ ಎಷ್ಟು ಹೋಯಿತು ಎಂಬ ಲೆಕ್ಕವನ್ನು ಅವರೇ ಹಾಕಿಕೊಳ್ಳುತ್ತಾರೆ.

ಒಟ್ಟಾರೆ, ಸ್ಥಿರ ತಳಿಯ ಬೀಜವನ್ನು ಶುದ್ಧತೆ ಕಾಯ್ದು ಉಳಿಸಿಕೊಳ್ಳಿ. ಸಂಕರಣ ತಳಿಯ ಬೀಜವನ್ನು ಪ್ರತಿ ಬಾರಿ ಹೊಸದಾಗಿ ಪಡೆಯಿರಿ. ನಿಮ್ಮಲ್ಲಿರುವ ಬೀಜ ಯಾವ ಬಗೆಯದೆಂಬ ಸಂದೇಹವಿದ್ದರೆ ಬಿತ್ತನೆಗೆ ಮುನ್ನ ಚೀಟಿಯೊಂದಿಗೆ ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ.