ಹಳೇ ಕೋಡ್ ರಿಪೇರಿಯ ಲೆಕ್ಕ ಯಾವ ಖಾತೆಗೆ?

ಇವತ್ತಿನ ಸಂಚಿಕೆ ಪುಸ್ತಕಗಳ ಬಗ್ಗೆ. ಕಥೆ, ಕಾದಂಬರಿ ಅಲ್ಲ. ಬೇರೆ ಯಾರೋ ಬರೆದಿಟ್ಟು ಹೋದ ಸಾಫ್ಟ್‌ವೇರನ್ನು ಕೆಡಿಸದೆ ರಿಪೇರಿ ಮಾಡೋದು ಹೇಗೆ ಅಂತ ಹೇಳುವ ಪುಸ್ತಕಗಳು. ನಾನು ಓದಿದ್ದು ಬಿ.ಕಾಂ., ಕೋಡ್ ಬರೆಯೋದು ನನ್ನ ಕಸುಬಲ್ಲ. ಆದರೂ ಇವು ನನ್ನನ್ನು ಹಿಡಿದು ಕೂರಿಸಿದವು. ಯಾಕೆಂದರೆ ಇವುಗಳ ಒಳಗಿರುವ ಜಗಳ ಲೆಕ್ಕಪತ್ರದ ಜಗಳ.

ಕಾಮರ್ಸ್‌ನಲ್ಲಿ ಶುರುವಿಗೇ ಒಂದು ಪಾಠ ಬರುತ್ತೆ. ಹೊಸ ಯಂತ್ರ ಕೊಂಡರೆ ಅದು ಬಂಡವಾಳ ಖರ್ಚು, ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿಯಾಗಿ ಕೂರುತ್ತೆ. ಇದ್ದ ಯಂತ್ರಕ್ಕೆ ಎಣ್ಣೆ ಬಿಟ್ಟರೆ ಅದು ಬರೀ ಖರ್ಚು, ಆ ವರ್ಷದ ಲಾಭದಲ್ಲೇ ಕಳೆದುಹೋಗುತ್ತೆ. ಅಂದರೆ ಹೊಸದು ತಂದವರು ಆಸ್ತಿ ಮಾಡಿದರು, ಇದ್ದದ್ದನ್ನು ಕಾಪಾಡಿದವರು ದುಡ್ಡು ಕಳೆದರು. ಸಾಫ್ಟ್‌ವೇರ್ ಲೋಕ ಐವತ್ತು ವರ್ಷದಿಂದ ಗುದ್ದಾಡ್ತಾ ಇರೋದು ಈ ನೋಟದ ಜೊತೆಗೇ.

ಮೊದಲು 1960ರ ದಶಕಕ್ಕೆ ಹೋಗೋಣ. ಐಬಿಎಂ ತನ್ನ ದೊಡ್ಡ ಕಂಪ್ಯೂಟರ್‌ಗಳಿಗೆ ಓಎಸ್/360 ಅನ್ನೋ ಆಪರೇಟಿಂಗ್ ಸಿಸ್ಟಂ ಕಟ್ಟಿಸುತ್ತೆ. ಅದರ ಉಸ್ತುವಾರಿ ಹೊತ್ತಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಆ ಅನುಭವವನ್ನು ‘ದಿ ಮಿಥಿಕಲ್ ಮ್ಯಾನ್-ಮಂತ್’ ಅಂತ ಪುಸ್ತಕ ಮಾಡಿದರು. ತಡವಾದ ಪ್ರಾಜೆಕ್ಟಿಗೆ ಇನ್ನಷ್ಟು ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತೆ ಅನ್ನೋ ಮಾತು ಎಲ್ಲರಿಗೂ ನೆನಪಿದೆ. ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ, ಅಷ್ಟಾಗಿ ಯಾರೂ ಎತ್ತಲ್ಲ. ಒಂದು ದೋಷ ಸರಿಪಡಿಸಲು ಹೋದಾಗ ಇನ್ನೊಂದು ಹುಟ್ಟುವ ಸಾಧ್ಯತೆ ಶೇಕಡಾ 20ರಿಂದ 50 ಅಂತ ಬ್ರೂಕ್ಸ್ ಲೆಕ್ಕ ಹಾಕಿದ್ದರು.

ಅದೇ ಓಎಸ್/360ರ ಒಂದೊಂದೇ ಆವೃತ್ತಿಯನ್ನು ಅಳೆದು ನೋಡಿದವರು ಮೀರ್ ಲೇಮನ್ ಮತ್ತು ಲೆಸ್ ಬೆಲಾಡಿ. ಇವರಿಂದ ಬಂದ ನಿಯಮಗಳಲ್ಲಿ ಮೊದಲೆರಡು ಸಾಕು ನಮಗೆ. ಬಳಕೆಯಲ್ಲಿರುವ ಸಾಫ್ಟ್‌ವೇರ್ ಬದಲಾಗುತ್ತಲೇ ಇರಬೇಕು, ಇಲ್ಲದಿದ್ದರೆ ಉಪಯೋಗ ಕಡಿಮೆಯಾಗುತ್ತಾ ಹೋಗುತ್ತೆ. ಬದಲಾದಂತೆಲ್ಲಾ ಅದು ಹೆಚ್ಚು ಗೋಜಲಾಗುತ್ತೆ, ಬೇಕಂತಲೇ ಕೆಲಸ ಮಾಡಿ ಬಿಡಿಸದಿದ್ದರೆ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಮಾಡಿನ ಹೆಂಚು ಕೈಯಾಡಿಸ್ತಾರಲ್ಲ, ಹಾಗೆ. ಮನೆ ಸೋರದಿದ್ದರೆ ಯಾರೂ ಹೊಗಳಲ್ಲ. ಒಂದು ವರ್ಷ ಬಿಟ್ಟು ನೋಡಿ, ಆಗ ಗೊತ್ತಾಗುತ್ತೆ.

1992ರಲ್ಲಿ ಎರಡು ಸಂಗತಿ ನಡೆದವು. ವಾರ್ಡ್ ಕನಿಂಗ್‌ಹ್ಯಾಮ್, ವೈಕ್ಯಾಶ್ ಅನ್ನೋ ಹಣಕಾಸಿನ ಸಾಫ್ಟ್‌ವೇರ್ ಬಗ್ಗೆ ಬರೆದ ವರದಿಯಲ್ಲಿ ‘ಸಾಲ’ ಅನ್ನೋ ಪದ ಬಳಸಿದರು. ಅರೆಬೆಂದ ಕೋಡನ್ನು ಬೇಗ ಹೊರಗೆ ಬಿಡೋದು ಸಾಲ ಮಾಡಿದ ಹಾಗೆ. ಸಾಲ ತಪ್ಪಲ್ಲ, ಬೇಗ ತೀರಿಸಿದರೆ ಅನುಕೂಲವೇ. ತೀರಿಸದಿದ್ದರೆ ಮುಂದಿನ ಪ್ರತಿ ಕೆಲಸಕ್ಕೂ ಬಡ್ಡಿ ಬೀಳುತ್ತೆ. ಅದೇ ವರ್ಷ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಒಪ್‌ಡೈಕ್ ‘ರೀಫ್ಯಾಕ್ಟರಿಂಗ್’ ಬಗ್ಗೆ ಪಿಎಚ್‌ಡಿ ಪ್ರಬಂಧ ಬರೆದರು. ಪ್ರೋಗ್ರಾಮಿನ ಹೊರಗಿನ ನಡವಳಿಕೆ ಬದಲಿಸದೆ, ಒಳಗಿನ ರಚನೆಯನ್ನು ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಸರಿಮಾಡೋದಕ್ಕೆ ಆ ಹೆಸರು.

ಈ ವಿದ್ಯೆಯನ್ನು ಕೆಲಸಗಾರರ ಮೇಜಿಗೆ ತಂದದ್ದು 1999ರಲ್ಲಿ ಬಂದ ಮಾರ್ಟಿನ್ ಫೌಲರ್ ಅವರ ‘ರೀಫ್ಯಾಕ್ಟರಿಂಗ್’. ಅದರ ಮುನ್ನುಡಿಯಲ್ಲಿ ಒಂದು ಪ್ರಸಂಗ ಇದೆ. ಒಬ್ಬ ಸಲಹೆಗಾರ ಒಂದು ಪ್ರಾಜೆಕ್ಟ್ ನೋಡಲು ಹೋಗ್ತಾನೆ, ಕೋಡ್ ಸ್ವಲ್ಪ ಶುಚಿ ಮಾಡಿ ಅಂತಾನೆ. ಇಬ್ಬರು ಎರಡು ದಿನ ಕೂತು ಆ ಭಾಗದ ಅರ್ಧ ಕೋಡ್ ತೆಗೆದುಹಾಕ್ತಾರೆ, ಕೆಲಸ ಮಾತ್ರ ಮೊದಲಿನಂತೆಯೇ ನಡೆಯುತ್ತೆ. ಮೇಲಿನವರಿಗೆ ಇದು ಹಿಡಿಸಲ್ಲ: ಎರಡು ದಿನ ಹೋಯ್ತು, ಹೊಸದೇನೂ ಬರಲಿಲ್ಲವಲ್ಲ! ಆರು ತಿಂಗಳ ಮೇಲೆ ಆ ಪ್ರಾಜೆಕ್ಟ್ ಬಿದ್ದುಹೋಗುತ್ತೆ, ಕೋಡ್ ಅಷ್ಟು ಸಿಕ್ಕಾಗಿತ್ತು. ಆ ಸಲಹೆಗಾರ ಕೆಂಟ್ ಬೆಕ್.

ಎರಡು ದಿನದ ಸಂಬಳ ಎಷ್ಟು ಅಂತ ಅಲ್ಲಿ ಎಲ್ಲರೂ ಹೇಳಬಲ್ಲವರಾಗಿದ್ದರು. ಆ ಎರಡು ದಿನ ಉಳಿಸಿದ್ದೆಷ್ಟು ಅಂತ ತೋರಿಸೋಕೆ ಖಾತೆಯಲ್ಲಿ ಜಾಗವೇ ಇರಲಿಲ್ಲ.

2004ರಲ್ಲಿ ಮೈಕೆಲ್ ಫೆದರ್ಸ್ ಬರೆದ ‘ವರ್ಕಿಂಗ್ ಎಫೆಕ್ಟಿವ್ಲಿ ವಿತ್ ಲೆಗಸಿ ಕೋಡ್’ ಇನ್ನೂ ಕೆಳಗಿಳಿದು ಮಾತಾಡುತ್ತೆ. ಫೆದರ್ಸ್ ಪ್ರಕಾರ ಹಳೇದು ಅನ್ನೋದಕ್ಕೂ ವಯಸ್ಸಿಗೂ ಸಂಬಂಧವಿಲ್ಲ. ಟೆಸ್ಟ್ ಇಲ್ಲದ ಕೋಡ್ ಎಲ್ಲವೂ ಲೆಗಸಿ ಕೋಡ್, ನಿನ್ನೆ ಬರೆದದ್ದಾದರೂ ಸರಿ. ಕೈ ಹಾಕುವ ಮೊದಲು, ಅದು ಏನು ಮಾಡಬೇಕಿತ್ತು ಅಂತ ವಾದ ಮಾಡಬೇಡಿ, ಈಗ ನಿಜವಾಗಿ ಏನು ಮಾಡ್ತಿದೆ ಅನ್ನೋದನ್ನು ಟೆಸ್ಟ್ ಬರೆದು ದಾಖಲಿಸಿ ಅಂತಾರೆ. ಅಂಗಡಿ ಕೈಬದಲಾದಾಗ ಮೊದಲು ಸ್ಟಾಕ್ ಎಣಿಸಿ ಬರೆದುಕೊಳ್ತೀವಲ್ಲ, ಅದೇ ಬುದ್ಧಿ. ಆಮೇಲೆ ‘ಸೀಮ್’ ಹುಡುಕಬೇಕು, ಅಂದರೆ ಹೊಲಿಗೆ ಕೂಡಿರುವ ಜಾಗ. ರವಿಕೆ ಬಿಗಿಯಾದರೆ ಟೈಲರ್ ಬಟ್ಟೆ ಹರಿಯಲ್ಲ, ಹೊಲಿಗೆ ಬಿಚ್ಚಿ ಸಡಿಲ ಮಾಡ್ತಾನೆ.

ಇಲ್ಲಿ ನಮ್ಮೂರಿನ ನಂಟೂ ಇದೆ. ಫೌಲರ್ ಪುಸ್ತಕ ಬಂದ 1999ರಲ್ಲೇ ಬೆಂಗಳೂರಿನ ಕಂಪನಿಗಳಲ್ಲಿ ಸಾವಿರಾರು ಹುಡುಗ ಹುಡುಗಿಯರು ವೈ2ಕೆ ಕೆಲಸದಲ್ಲಿ ಮುಳುಗಿದ್ದರು. ಮೆಮೊರಿ ದುಬಾರಿಯಾಗಿದ್ದ ಕಾಲದಲ್ಲಿ ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿದ್ದರು, 2000 ಬಂದಾಗ ಅದನ್ನು ಯಂತ್ರ 1900 ಅಂದುಕೊಳ್ಳುವ ಭಯ. ಸಾಗರದಾಚೆಯ ಬ್ಯಾಂಕು, ವಿಮಾ ಕಂಪನಿಗಳಿಗೆ ಯಾರೋ ಬರೆದಿದ್ದ ಹಳೇ ಕೋಬಾಲ್ ಸಾಲುಗಳನ್ನು ಒಂದೊಂದಾಗಿ ಓದಿ ತಿದ್ದಿದರು. ಹೊಸ ವರ್ಷ ಬಂತು, ದೊಡ್ಡ ಅನಾಹುತ ಆಗಲಿಲ್ಲ. ‘ಇಷ್ಟಕ್ಕೇ ಅಷ್ಟೊಂದು ಗಲಾಟೆನಾ’ ಅಂತ ಜನ ನಕ್ಕರು. ರಿಪೇರಿ ಮಾಡಿದವರಿಗೆ ಸಿಗೋ ಬಹುಮಾನ ಇದೇ: ಏನೂ ಆಗಲಿಲ್ಲ ಅನ್ನೋದು.

ರಿಪೇರಿ ಮುಂದೂಡಿದರೆ? 2020ರ ಏಪ್ರಿಲ್‌ನಲ್ಲಿ, ಕೋವಿಡ್ ಲಾಕ್‌ಡೌನ್ ನಡುವೆ ಕೆಲಸ ಕಳಕೊಂಡ ಜನ ನಿರುದ್ಯೋಗ ಭತ್ಯೆಗೆ ಮುಗಿಬಿದ್ದಾಗ, ಅಮೆರಿಕದ ನ್ಯೂಜೆರ್ಸಿ ಗವರ್ನರ್ ಫಿಲ್ ಮರ್ಫಿ ಕೋಬಾಲ್ ಬಲ್ಲ ಸ್ವಯಂಸೇವಕರು ಬೇಕು ಅಂತ ಬಹಿರಂಗವಾಗಿ ಕೇಳಬೇಕಾಯಿತು. ಸರ್ಕಾರದ ಆ ಕಂಪ್ಯೂಟರ್ ವ್ಯವಸ್ಥೆಗೆ ನಲವತ್ತು ದಾಟಿತ್ತು.

ನನಗೆ ಅನ್ನಿಸೋದು ಇಷ್ಟು. ಯಂತ್ರ ಸವೆಯುತ್ತೆ ಅಂತ ನಾವು ವರ್ಷ ವರ್ಷ ಸವಕಳಿ ಬರೀತೀವಿ. ಬ್ಯಾಂಕ್ ಸಾಲವನ್ನು ಬ್ಯಾಲೆನ್ಸ್ ಶೀಟಿನಲ್ಲಿ ತೋರಿಸ್ತೀವಿ, ಬಡ್ಡಿಯನ್ನು ಖರ್ಚಿಗೆ ಹಾಕ್ತೀವಿ. ಕನಿಂಗ್‌ಹ್ಯಾಮ್ ಹೇಳಿದ ಸಾಲ ಮಾತ್ರ ಯಾವ ಲೆಡ್ಜರಿನಲ್ಲೂ ಇಲ್ಲ, ಅದನ್ನು ತೀರಿಸೋರು ಕೋಡ್ ಮುಂದೆ ಕೂತ ಕಿರಿಯ ನೌಕರರು ಮತ್ತು ಭತ್ಯೆಗೆ ಕಾಯುವ ಜನ. ಈ ಪುಸ್ತಕಗಳು ಖಾತೆಯನ್ನು ಬದಲಿಸಲಿಲ್ಲ. ಆದರೆ ಕಾಣದ ಕೆಲಸಕ್ಕೆ ಹೆಸರು ಕೊಟ್ಟವು. ಹೆಸರಿದ್ದರೆ ಕನಿಷ್ಠ ಮೀಟಿಂಗಿನಲ್ಲಿ ಎದ್ದು ಕೇಳಬಹುದು.

ನಿಮ್ಮ ತಂಡದಲ್ಲಿ ಯಾರಾದರೂ ‘ಎರಡು ದಿನ ಕೊಡಿ, ಇದನ್ನು ಸರಿಮಾಡ್ತೀನಿ’ ಅಂದರೆ, ಹೊಸದೇನು ಬರುತ್ತೆ ಅಂತ ಕೇಳೋ ಮೊದಲು, ಈಗ ಎಷ್ಟು ಬಡ್ಡಿ ಕಟ್ತಿದ್ದೀವಿ ಅಂತ ಕೇಳಿ ನೋಡಿ. ಮುಂದಿನ ವಾರ ಸಿಗೋಣ.