ಹೆನ್ರಿ ಫೋರ್ಡ್ ಗಾಂಜಾ ನಾರಿನಿಂದ ಕಾರು ಮಾಡಿದ್ದರೇ?

ಸೂಟು ಹಾಕಿದ ಹಿರಿಯರೊಬ್ಬರು ಕಾರಿನ ಹಿಂಭಾಗಕ್ಕೆ ಕೊಡಲಿ ಬೀಸುತ್ತಿರುವ ಹಳೆಯ ಚಿತ್ರ ನಿಮಗೂ ಬಂದಿರಬಹುದು. ಗಾಂಜಾ ಗಿಡದ ನಾರಿನಿಂದ ಮಾಡಿದ ಕಾರು, ಉಕ್ಕಿಗಿಂತ ಹತ್ತು ಪಟ್ಟು ಗಟ್ಟಿ, ತೈಲ ಕಂಪನಿಗಳು ಮುಚ್ಚಿಟ್ಟವು ಎಂಬ ಒಕ್ಕಣೆ ಜೊತೆಗಿರುತ್ತದೆ.

ಚಿತ್ರದಲ್ಲಿರುವುದು ಹೆನ್ರಿ ಫೋರ್ಡ್ ಅವರೇ. ಆದರೆ ಆ ಕಾರು ಅವರ ಸ್ವಂತ ಬಳಕೆಯದು; ಡಿಕ್ಕಿಯ ಮುಚ್ಚಳಕ್ಕೆ ಮಾತ್ರ ಪ್ಲಾಸ್ಟಿಕ್ ಹಾಕಿಸಿದ್ದರು. 'ಸೋಯಾ ಕಾರು' ಬೇರೆ. ಅದನ್ನು ಅಮೆರಿಕದ ಡಿಯರ್‌ಬಾರ್ನ್‌ನಲ್ಲಿ 1941ರ ಆಗಸ್ಟ್‌ನಲ್ಲಿ ಪ್ರದರ್ಶಿಸಿದರು. ಒಳಗೆ ಉಕ್ಕಿನ ಕೊಳವೆಗಳ ಚೌಕಟ್ಟು, ಮೇಲೆ 14 ಪ್ಲಾಸ್ಟಿಕ್ ಹಲಗೆಗಳು. ಹಲಗೆಗಳ ಪೂರ್ತಿ ಪಾಕ ಇಂದು ಉಳಿದಿಲ್ಲ. ಆ ಕಾಲದ ಒಂದು ಬರಹ ಗೋಧಿ, ಅಗಸೆ, ಗಾಂಜಾ ನಾರುಗಳ ಹೆಸರನ್ನೂ ಹೇಳುತ್ತದೆ, ನಿಜ. ಕಾರು ಕಟ್ಟಿದ ಲೋವೆಲ್ ಓವರ್ಲಿ ಹೇಳಿದ್ದೇ ಬೇರೆ: ಸೋಯಾ ನಾರು, ಅದನ್ನು ಹಿಡಿದಿಡಲು ಫೀನಾಲ್–ಫಾರ್ಮಾಲ್ಡಿಹೈಡ್ ರಾಳ. ಅಂದರೆ ನಾರು ಹೊಲದ್ದು, ಅಂಟು ರಾಸಾಯನಿಕ ಕಾರ್ಖಾನೆಯದು. ಮಹಾಯುದ್ಧ ಶುರುವಾಗಿ ಕಾರು ತಯಾರಿಕೆಯೇ ನಿಂತಿತು, ಎರಡನೆಯ ಸೋಯಾ ಕಾರು ಬರಲಿಲ್ಲ.

ಇಂಥ ವಸ್ತುವಿಗೆ ಅಂಟೇಕೆ ಬೇಕು? ಸೆಣಬಿನ ಹುರಿಯನ್ನು ಎಳೆದು ನೋಡಿ, ಸುಲಭಕ್ಕೆ ಹರಿಯದು, ಒತ್ತಿದರೆ ಮಡಚಿಕೊಳ್ಳುತ್ತದೆ. ಅದಕ್ಕೆ ರಾಳ ತುಂಬಿ ಗಟ್ಟಿಯಾಗಲು ಬಿಟ್ಟರೆ ಎಳೆತವನ್ನು ನಾರು ತಡೆಯುತ್ತದೆ, ನಾರು ಬಾಗದಂತೆ ರಾಳ ಹಿಡಿಯುತ್ತದೆ. ಇದೇ ಕಾಂಪೋಸಿಟ್.

ಗಿಡದಿಂದ ರಾಳವೂ ಸಿಗುತ್ತದೆ. ಕರಾವಳಿಯವರಿಗೆ ಗೊತ್ತಿರುವ, ತಾಗಿದರೆ ಚರ್ಮ ಸುಡುವ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೇ ತೆಗೆದುಕೊಳ್ಳಿ. ಅದರಿಂದ ಬರುವ ಕಾರ್ಡನಾಲ್ ಕೂಡ ಫೀನಾಲ್ ಜಾತಿಯದು. ವಾಹನಗಳ ಬ್ರೇಕ್ ಲೈನಿಂಗ್‌ನಲ್ಲಿ ಇದರ ರಾಳ ಬಹಳ ಕಾಲದಿಂದ ಬಳಕೆಯಲ್ಲಿದೆ. ಆದರೆ ಗಟ್ಟಿಯಾಗಲು ಇದಕ್ಕೂ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಸೇರಿಸುತ್ತಾರೆ. ಸೋಯಾ ಎಣ್ಣೆಯ ಎಪಾಕ್ಸಿಯಲ್ಲೂ ಗಟ್ಟಿ ಮಾಡುವ ದ್ರವ ಹೆಚ್ಚಾಗಿ ಪೆಟ್ರೋಲಿಯಂನಿಂದ ಬಂದದ್ದು. ಒಮ್ಮೆ ಹೆಣೆದುಕೊಂಡ ಇಂಥ ರಾಳ ಮತ್ತೆ ಕರಗುವುದಿಲ್ಲ, ತಿಪ್ಪೆಗೆ ಎಸೆದರೆ ಬೇಗ ಕೊಳೆಯುವುದೂ ಇಲ್ಲ. ಹೀಗಾಗಿ 'ಸಸ್ಯಜನ್ಯ' ಎಂದು ಬರೆದ ವಸ್ತು ಗೊಬ್ಬರವಾಗುತ್ತದೆ ಎಂದುಕೊಳ್ಳುವಂತಿಲ್ಲ.

ಇನ್ನೊಂದು ತೊಡಕು ನೀರು. ಸಸ್ಯದ ನಾರು ತೇವ ಹೀರಿ ಉಬ್ಬುತ್ತದೆ, ರಾಳದೊಂದಿಗಿನ ಹಿಡಿತ ಸಡಿಲವಾಗುತ್ತದೆ. ಆದ್ದರಿಂದಲೇ ಇಂದಿನ ಕಾರುಗಳಲ್ಲಿ ಅಗಸೆ ನಾರು, ನಮ್ಮ ಪುಂಡಿಪಲ್ಯದ ಜಾತಿಯ ಕೆನಾಫ್ ನಾರು ಹೆಚ್ಚಾಗಿ ಕಾಣುವುದು ಮಳೆ ತಾಗದ ಬಾಗಿಲಿನ ಒಳಮೈಯಲ್ಲಿ.